ಹದಿನಾರಾಣೆ ನೋವಿನ ಲೆಕ್ಕ ಕಲಿಯಲು ನಮ್ಮನ್ನು ಕಳಿಸಿಕೊಡಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಕೆಲಸ ಮಾಡುತ್ತಿರುವ ಸರ್ಕಾರಿ ವೈದ್ಯೆಯೊಬ್ಬಳ ನಮಸ್ಕಾರಗಳು.

ಮಾನ್ಯರೇ,

ನನ್ನ ಮೇಜಿನ ಮೇಲೆ ಒಂದು ಅರ್ಜಿ ಇದೆ. ಗಂಭೀರ ಕಾಯಿಲೆಯವರ ನೋವು, ಸಂಕಟಗಳನ್ನು ಇಳಿಸುವ, ಎಲ್ಲರೂ ಪ್ಯಾಲಿಯೇಟಿವ್ ಕೇರ್ ಎಂದು ಕರೆಯುವ ಉಪಶಾಮಕ ಆರೈಕೆಯಲ್ಲಿ ಕೇರಳದ ಸಂಸ್ಥೆಯೊಂದು ವೈದ್ಯರಿಗಾಗಿ ಒಂದು ವರ್ಷದ ಫೆಲೋಶಿಪ್ ನಡೆಸುತ್ತದೆ. ಅದಕ್ಕೆ ಸೇರಲು ತುಂಬುತ್ತಿರುವ ಅರ್ಜಿ ಅದು. ಪದವಿ ಪ್ರಮಾಣಪತ್ರ, ವೈದ್ಯಕೀಯ ಪರಿಷತ್ತಿನ ನೋಂದಣಿ, ಇಬ್ಬರು ಹಿರಿಯ ವೈದ್ಯರ ಶಿಫಾರಸು, ಸೇವಾ ವಿವರ ಎಲ್ಲವನ್ನೂ ಜೋಡಿಸಿ ಇಟ್ಟಿದ್ದೇನೆ. ಎರಡು ಜಾಗ ಮಾತ್ರ ಖಾಲಿ ಉಳಿದಿವೆ. ಒಂದರಲ್ಲಿ, ‘ಈ ತರಬೇತಿಗೆ ಏಕೆ ಸೇರಬಯಸುತ್ತೀರಿ, ಮುನ್ನೂರು ಪದಗಳಲ್ಲಿ ತಿಳಿಸಿ’ ಎಂದಿದೆ. ಇನ್ನೊಂದು ನನ್ನನ್ನು ಕೆಲಸಕ್ಕೆ ಇಟ್ಟುಕೊಂಡವರ ನಿರಾಕ್ಷೇಪಣಾ ಪತ್ರ. ಮೊದಲನೆಯದಕ್ಕೆ ಮುನ್ನೂರು ಪದ ಸಾಲುತ್ತಿಲ್ಲ. ಎರಡನೆಯದು ತಮ್ಮ ಇಲಾಖೆಯಿಂದ ಬರಬೇಕಾದದ್ದು. ಎರಡಕ್ಕೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನೊಬ್ಬಳ ರಜೆಯ ಮಾತಾಗಿದ್ದರೆ ಲಕೋಟೆಯಲ್ಲಿಟ್ಟು ಕಳಿಸುತ್ತಿದ್ದೆ. ನನ್ನ ಬೇಡಿಕೆ ಅದಕ್ಕಿಂತ ದೊಡ್ಡದು. ನಮ್ಮ ಪ್ರತಿ ತಾಲ್ಲೂಕಿನಿಂದ ಒಬ್ಬ ವೈದ್ಯರನ್ನಾದರೂ ಈ ವಿದ್ಯೆ ಕಲಿಯಲು ಸರ್ಕಾರವೇ ಕಳಿಸಬೇಕು ಎಂದು ಕೇಳುತ್ತಿದ್ದೇನೆ. ಇದು ಜನರ ಮುಂದೆ ಕೇಳಬೇಕಾದ ಮಾತು, ಏಕೆಂದರೆ ನೋವು ಅನುಭವಿಸುತ್ತಿರುವವರು ಅವರು.

ಎಂಟು ವರ್ಷಗಳ ಹಿಂದೆ ನಾನು ಭೀಮಾ ತೀರದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದೆ. ಆ ಕೇಂದ್ರದ ಕಂಪೌಂಡ್ ಗೋಡೆಗೆ ಗಿಲಾವು ಮಾಡಿದ ಗೌಂಡಿಯೊಬ್ಬರು ಅದೇ ಊರಿನವರು. ನಲವತ್ತಾರು ವಯಸ್ಸು. ಹುಡುಗನಾಗಿದ್ದಾಗಿನಿಂದ ದವಡೆಯಲ್ಲಿ ಗುಟ್ಕಾ ಇಟ್ಟುಕೊಂಡು ಕೆಲಸ ಮಾಡಿದವರು. ಕೆನ್ನೆಯ ಒಳಗೆ ಹುಣ್ಣಾಗಿ, ಅದು ಕ್ಯಾನ್ಸರ್ ಎಂದು ತಿಳಿದು, ಎರಡು ಎಕರೆ ಹೊಲದಲ್ಲಿ ಒಂದು ಎಕರೆ ಮಾರಿ, ಆಪರೇಷನ್ ಮತ್ತು ವಿಕಿರಣ ಚಿಕಿತ್ಸೆ ಎರಡೂ ಆಗಿ, ಒಂದೂವರೆ ವರ್ಷದಲ್ಲಿ ಹುಣ್ಣು ಮತ್ತೆ ಬಂದಿತ್ತು. ದೂರದ ದೊಡ್ಡ ಆಸ್ಪತ್ರೆಯೊಂದರಲ್ಲಿ, ‘ಇನ್ನು ಮಾಡುವುದೇನೂ ಇಲ್ಲ, ಮನೆಗೆ ಒಯ್ಯಿರಿ’ ಎಂದು ಹೇಳಿ ಕಳಿಸಿದ್ದರು.

ಈ ‘ಒಯ್ಯುವುದು’ ನಮ್ಮ ಕಡೆಯ ಕ್ರಿಯಾಪದ. ದವಾಖಾನೆಗೆ ಒಯ್ದರು ಎನ್ನುತ್ತೇವೆ, ಮನೆಗೆ ಒಯ್ದರು ಎನ್ನುತ್ತೇವೆ, ಕೊನೆಗೆ ಮಣ್ಣಿಗೆ ಒಯ್ದರು ಎನ್ನುತ್ತೇವೆ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಕೆಲವೊಮ್ಮೆ ನಾಲ್ಕು ದಿನ, ಕೆಲವೊಮ್ಮೆ ಎಂಟು ತಿಂಗಳು ಇರುತ್ತದೆ. ಆ ಅವಧಿಯಲ್ಲಿ ಮನುಷ್ಯನನ್ನು ಯಾರು ನೋಡಿಕೊಳ್ಳಬೇಕು ಎಂಬುದಕ್ಕೆ ನಮ್ಮ ವ್ಯವಸ್ಥೆಯಲ್ಲಿ ಉತ್ತರವಿಲ್ಲ.

ಆಶಾ ಕಾರ್ಯಕರ್ತೆ ಕರೆದಳೆಂದು ನಾನು ಅವರ ಮನೆಗೆ ಹೋದೆ. ಅವರು ಮನೆಯೊಳಗೆ ಇರಲಿಲ್ಲ, ದನದ ಕೊಟ್ಟಿಗೆಯಲ್ಲಿದ್ದರು. ಯಾರೂ ಅವರನ್ನು ಹೊರಗೆ ಹಾಕಿರಲಿಲ್ಲ. ದೊಡ್ಡ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹುಣ್ಣಿನ ವಾಸನೆ ಪಡಸಾಲೆಯ ತನಕ ಬರುತ್ತದೆಂದು ತಾವೇ ಹಾಸಿಗೆ ಸುತ್ತಿಕೊಂಡು ಕೊಟ್ಟಿಗೆಗೆ ಹೋಗಿದ್ದರು. ಕೆನ್ನೆ ಹೊರಗಿನಿಂದಲೂ ತೂತಾಗಿತ್ತು. ಮಾತು ನಿಂತಿತ್ತು. ಕಿರಿಯ ಮಗನ ಪಾಟಿ ಮತ್ತು ಬಳಪ ಪಕ್ಕದಲ್ಲಿದ್ದವು. ನಾನು ಬಾಗಿಲಲ್ಲೇ ನಿಂತು ಸೀರೆಯ ಸೆರಗನ್ನು ಮೂಗಿಗೆ ಹಿಡಿದೆ. ಅವರು ಅದನ್ನು ನೋಡಿದರು. ನೋವಿಗೆ ಡೈಕ್ಲೋಫಿನಾಕ್ ಚುಚ್ಚುಮದ್ದು ಹಾಕಿದೆ, ಐದು ದಿನದ ಆಂಟಿಬಯೋಟಿಕ್ ಬರೆದೆ. ಹೊರಡುವಾಗ ಅವರು ಪಾಟಿಯ ಮೇಲೆ ಬರೆದು ತೋರಿಸಿದರು: ‘ನಿದ್ದೆ ಬರುವ ಹಾಗೆ ಏನಾದರೂ ಕೊಡಿರಿ.’ ನನ್ನ ಬಳಿ ಏನೂ ಇರಲಿಲ್ಲ ಅಂದುಕೊಂಡೆ. ಹತ್ತೊಂಬತ್ತು ದಿನಗಳ ನಂತರ ತೀರಿಕೊಂಡರು. ಅಷ್ಟು ದಿನಗಳಲ್ಲಿ ನಾನು ಇನ್ನೊಮ್ಮೆ ಮಾತ್ರ ಹೋಗಿದ್ದೆ. ಹೋಗಿ ಮಾಡುವುದೇನು ಎಂದು ಹೋಗದೆ ಉಳಿದೆ.

ಆರು ವರ್ಷಗಳ ನಂತರ, ಭಾರತೀಯ ಉಪಶಾಮಕ ಆರೈಕೆ ಸಂಘ ನಡೆಸುವ ಎಂಟು ವಾರಗಳ ಪ್ರಾಥಮಿಕ ಕೋರ್ಸಿಗೆ ಹೆಸರು ಹಚ್ಚಿದೆ. ಅಲ್ಲಿ ಒಂದು ದಿನ ಕೊಳೆತ ಹುಣ್ಣಿನ ಆರೈಕೆಯ ಪಾಠ. ಗಾಳಿಯಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾಗಳಿಂದ ಆ ವಾಸನೆ ಹುಟ್ಟುತ್ತದೆ. ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ, ಉಪ್ಪು ನೀರಿನಲ್ಲಿ ತೊಳೆದ ಹುಣ್ಣಿನ ಮೇಲೆ ದಿನವೂ ಉದುರಿಸಿದರೆ ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಹುಣ್ಣಿನಿಂದ ರಕ್ತ ಬರುವ ಸಂಭವವಿದ್ದರೆ ಮನೆಯವರ ಕೈಯಲ್ಲಿ ಗಾಢ ಬಣ್ಣದ ಬಟ್ಟೆ ಕೊಟ್ಟಿಡಬೇಕು. ಬಿಳಿ ಬಟ್ಟೆಯ ಮೇಲೆ ರಕ್ತ ಕಂಡರೆ ರೋಗಿಯೂ ಮನೆಯವರೂ ಹೆದರುತ್ತಾರೆ. ಪಾಠ ಮುಗಿದ ಮೇಲೆ ನಾನು ಎದ್ದು ಹೊರಗೆ ಹೋಗಿ ನಿಂತೆ. ಮೆಟ್ರೊನಿಡಜೋಲ್ ನಮ್ಮ ಕೇಂದ್ರದ ಔಷಧಿ ಕಪಾಟಿನಲ್ಲಿ ಡಬ್ಬಿಗಟ್ಟಲೆ ಇತ್ತು. ಆಮಶಂಕೆಗೆಂದು ದಿನವೂ ಬರೆದು ಕೊಡುತ್ತಿದ್ದೆ. ಗಾಢ ಬಣ್ಣದ ಬಟ್ಟೆಗಾದರೆ ಆ ಮನೆಯ ಗಳುವಿನ ಮೇಲೆ ಹಳೆಯ ಇಳಕಲ್ ಸೀರೆ ತೂಗುತ್ತಿತ್ತು.

ಮಾನ್ಯರೇ, ಅಂದು ಕೊಟ್ಟಿಗೆಯಲ್ಲಿ ಬಡತನದಿಂದ ಕೊರತೆಯಾದದ್ದು ಏನೂ ಇರಲಿಲ್ಲ. ಮದ್ದು ಇತ್ತು, ಬಟ್ಟೆ ಇತ್ತು, ನೋಡಿಕೊಳ್ಳುವ ಹೆಂಡತಿ ಇದ್ದರು, ಕರೆದ ಕೂಡಲೇ ಬರುವ ವೈದ್ಯೆಯೂ ಇದ್ದಳು. ಆ ವೈದ್ಯೆಗೆ ವಿದ್ಯೆ ಇರಲಿಲ್ಲ. ಹೊಸ ಯಂತ್ರ, ಹೊಸ ಕಟ್ಟಡಗಳನ್ನು ನಾನು ಕೇಳದಿರುವುದಕ್ಕೂ ವೈದ್ಯರನ್ನು ಕಲಿಯಲು ಕಳಿಸಿಕೊಡಿ ಎಂದು ಕೇಳುತ್ತಿರುವುದಕ್ಕೂ ಇದೇ ಕಾರಣ.

ನಾನು ಎಂ.ಬಿ.ಬಿ.ಎಸ್. ಓದುವಾಗ ನೋವು ನಿವಾರಣೆಯ ಬಗ್ಗೆ ಬಿಡಿಬಿಡಿಯಾಗಿ ಕೇಳಿದ್ದೆ. ಸಾಯುತ್ತಿರುವವರ ಆರೈಕೆಯ ಬಗ್ಗೆ ಒಂದು ತರಗತಿಯೂ ನಡೆದ ನೆನಪಿಲ್ಲ. 2019ರಲ್ಲಿ ಬಂದ ಹೊಸ ಪಠ್ಯಕ್ರಮದಲ್ಲಿ ನೋವು ಮತ್ತು ಉಪಶಾಮಕ ಆರೈಕೆಗೆ ಜಾಗ ಸಿಕ್ಕಿದೆ. ಸಂತೋಷ. ಆದರೆ ಇಂದು ತಾಲ್ಲೂಕು ಆಸ್ಪತ್ರೆಗಳಲ್ಲಿ, ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಜವಾಬ್ದಾರಿ ಹೊತ್ತವರು ಹೆಚ್ಚಿನವರು ಅದಕ್ಕೂ ಮೊದಲು ಓದಿ ಬಂದವರು. ನಮಗೆ ಯಾರು ಕಲಿಸಬೇಕು?

ಎಂಟು ವಾರದ ಕೋರ್ಸ್ ನನ್ನ ಕಣ್ಣು ತೆರೆಸಿತು, ಕೈ ಪಳಗಿಸಲಿಲ್ಲ. ಫೆಲೋಶಿಪ್ ಬೇಕೆನ್ನುವುದು ಅದಕ್ಕಾಗಿ. ಅದರಲ್ಲಿ ನುರಿತವರ ಕಣ್ಣಳತೆಯಲ್ಲಿ ರೋಗಿಗಳನ್ನು ನೋಡಬೇಕು, ಅವರ ಮನೆಗಳಿಗೆ ಹೋಗಬೇಕು, ಬರೆದಿಟ್ಟ ಪ್ರಕರಣಗಳನ್ನು ಮುಂದಿಟ್ಟು ತಪ್ಪು ತಿದ್ದಿಸಿಕೊಳ್ಳಬೇಕು. ಪುಸ್ತಕದಲ್ಲಿ ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆಯಿರಿ ಎಂದಿದೆ. ಕಳೆದ ವರ್ಷ ಎಪ್ಪತ್ತು ದಾಟಿದ ಒಬ್ಬ ಅಜ್ಜಿಗೆ ಹಾಗೆ ಕೇಳಿದಾಗ ಅವರು ನನ್ನ ಮುಖವನ್ನೇ ನೋಡುತ್ತ ಕುಳಿತರು. ಆಮೇಲೆ ತಾವಾಗಿಯೇ, ‘ಅವ್ವಾ, ನಿನ್ನೆ ರಾತ್ರಿ ಹದಿನಾರಾಣೆ ಇತ್ತು, ಈ ಗುಳಿಗೆ ನುಂಗಿದ ಮೇಲೆ ಆರಾಣೆಗೆ ಬಂದಿದೆ’ ಎಂದರು. ಅಂದಿನಿಂದ ನಾನು ಹಿರಿಯರ ನೋವನ್ನು ಆಣೆಯಲ್ಲೇ ಬರೆದುಕೊಳ್ಳುತ್ತಿದ್ದೇನೆ. ಆರಾಣೆ ಎಂದರೆ ರಾತ್ರಿ ನಿದ್ದೆ ಬಂದಿದೆ. ಹನ್ನೆರಡು ದಾಟಿದರೆ ಮದ್ದಿನ ಪ್ರಮಾಣ ಬದಲಾಗಬೇಕು.

ನಮ್ಮ ಜನ ನೋವಿಗೆ ಇಟ್ಟುಕೊಂಡಿರುವ ಮಾತುಗಳೂ ಹಾಗೆಯೇ. ಚಳಕು ಎನ್ನುತ್ತಾರೆ, ಸೆಳೆತ ಎನ್ನುತ್ತಾರೆ, ಉರಿ, ತಿವಿತ, ಮುರಿತ, ಜೋಮು, ಕರೆಂಟು ಹೊಡೆದ ಹಾಗೆ, ಇರುವೆ ಹರಿದ ಹಾಗೆ ಎನ್ನುತ್ತಾರೆ. ನಾನು ಬಹಳ ವರ್ಷ ಇದೆಲ್ಲವನ್ನೂ ‘ನೋವು’ ಎಂಬ ಒಂದೇ ಪದದಲ್ಲಿ ಚೀಟಿಗೆ ಇಳಿಸಿದೆ. ಉರಿ, ಕರೆಂಟು, ಇರುವೆ ಎಂದರೆ ನರಕ್ಕೆ ಪೆಟ್ಟಾಗಿರುವ ಸೂಚನೆ. ಅಲ್ಲಿ ಮಾಮೂಲಿ ನೋವಿನ ಗುಳಿಗೆಗಳಿಂದ ಹೆಚ್ಚಿನ ಉಪಯೋಗವಿಲ್ಲ, ಅಮಿಟ್ರಿಪ್ಟಿಲಿನ್‌ನಂಥ ಬೇರೆ ಮದ್ದು ಬೇಕು. ಹೊಟ್ಟೆಯಲ್ಲಿ ಮುರಿತ ಬಂದು ಬಂದು ಹೋಗುತ್ತದೆ ಎಂದರೆ ಕರುಳಿನ ಸೆಳೆತ, ಅದರ ದಾರಿಯೇ ಬೇರೆ. ಅಜ್ಜಿ ಹೇಳುವ ಮಾತಿನಲ್ಲೇ ಅರ್ಧ ರೋಗನಿದಾನ ಇರುತ್ತದೆ. ಈ ಕಿವಿ ಪಳಗುವುದು ರೋಗಿಯ ಹಾಸಿಗೆಯ ಪಕ್ಕದಲ್ಲಿ, ಗೊತ್ತಿರುವ ಗುರುವಿನ ಜೊತೆ.

ಇನ್ನೂ ಕಷ್ಟದ್ದು ಸತ್ಯ ಹೇಳುವುದು. ನಮ್ಮಲ್ಲಿ ಮಗ ನನ್ನನ್ನು ಅಂಗಳಕ್ಕೆ ಕರೆದು, ‘ಅಪ್ಪನಿಗೆ ಕ್ಯಾನ್ಸರ್ ಎಂದು ಹೇಳಬೇಡಿರಿ, ಎದೆ ಒಡೆದುಕೊಳ್ಳುತ್ತಾರೆ’ ಎನ್ನುತ್ತಾನೆ. ಒಳಗೆ ಹೋದರೆ ಅಪ್ಪ ನನ್ನ ಕೈ ಹಿಡಿದು, ‘ನನಗೆ ಎಲ್ಲ ತಿಳಿದಿದೆ, ಹುಡುಗ ಅಂಜುತ್ತಾನೆ, ಅವನಿಗೆ ಹೇಳಬೇಡಿರಿ’ ಎನ್ನುತ್ತಾರೆ. ಒಂದೇ ಸೂರಿನಡಿ ಇಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಕೊನೆಯ ಎರಡು ತಿಂಗಳು ಕಳೆಯುತ್ತಾರೆ. ಹೊಲದ ಪಾಲು, ತಂಗಿಯ ಮದುವೆ, ಹಳೆಯ ಮುನಿಸು ಯಾವುದನ್ನೂ ಮಾತಾಡದೆ ಒಬ್ಬರು ಹೋಗಿಬಿಡುತ್ತಾರೆ. ಆ ಅಂಗಳಕ್ಕೂ ಒಳಕೋಣೆಗೂ ನಡುವೆ ನಿಂತು ಇಬ್ಬರನ್ನೂ ಹತ್ತಿರ ತರುವುದು ಹೇಗೆ ಎಂಬುದೂ ವೈದ್ಯಕೀಯ ವಿದ್ಯೆ. ಅದಕ್ಕೂ ಕ್ರಮವಿದೆ, ಅಭ್ಯಾಸವಿದೆ. ನಾನು ಎರಡು ಸಲ ಯತ್ನಿಸಿ ಒಂದು ಸಲ ಕೆಡಿಸಿದ್ದೇನೆ. ಆ ಮನೆಯ ಮುಂದೆ ಹಾದುಹೋಗುವಾಗ ಇಂದಿಗೂ ನನಗೆ ಹಿಂಸೆಯಾಗುತ್ತದೆ.

ಈಗ ಅಫೀಮಿನಿಂದ ತೆಗೆಯುವ, ಕಡುನೋವಿನ ಮದ್ದಾದ ಮಾರ್ಫಿನ್ ವಿಷಯಕ್ಕೆ ಬರುತ್ತೇನೆ. ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ರೈತರು ಸರ್ಕಾರದ ಪರವಾನಗಿ ಪಡೆದು ಅಫೀಮು ಬೆಳೆಯುತ್ತಾರೆ. ನೀಮಚ್ ಮತ್ತು ಘಾಜಿಪುರದಲ್ಲಿ ಅದನ್ನು ಸಂಸ್ಕರಿಸುವ ಸರ್ಕಾರಿ ಕಾರ್ಖಾನೆಗಳಿವೆ. ಹೊರದೇಶಗಳ ಔಷಧಿ ಕಂಪನಿಗಳಿಗೂ ಇಲ್ಲಿಂದ ಅಫೀಮು ಹೋಗಿದೆ. ಆದರೆ 1985ರ ಮಾದಕ ವಸ್ತುಗಳ ಕಾಯ್ದೆ ಬಂದ ಮೇಲೆ, ಲೆಕ್ಕದಲ್ಲಿ ಸಣ್ಣ ತಪ್ಪಾದರೂ ಹತ್ತು ವರ್ಷದ ಜೈಲು ಎಂಬ ಭಯಕ್ಕೆ ಆಸ್ಪತ್ರೆಗಳೂ ಔಷಧಿ ಅಂಗಡಿಗಳೂ ಮಾರ್ಫಿನ್ ಇಡುವುದನ್ನೇ ಬಿಟ್ಟವು. ಹನ್ನೆರಡು ವರ್ಷಗಳಲ್ಲಿ ದೇಶದ ವೈದ್ಯಕೀಯ ಮಾರ್ಫಿನ್ ಬಳಕೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕುಸಿಯಿತು. ಒಂದು ಇಡೀ ತಲೆಮಾರಿನ ವೈದ್ಯರು ಬಾಯಿಯಿಂದ ಕೊಡುವ ಮಾರ್ಫಿನ್ ಮಾತ್ರೆಯನ್ನು ಕಣ್ಣಿನಿಂದಲೂ ನೋಡದೆ ಪದವಿ ಪಡೆದರು. ನಾನೂ ಅವರಲ್ಲೊಬ್ಬಳು.

2014ರಲ್ಲಿ ಸಂಸತ್ತು ಆ ಕಾಯ್ದೆಗೆ ತಿದ್ದುಪಡಿ ತಂದಿತು. ಮಾರ್ಫಿನ್ ಸೇರಿದಂತೆ ಆರು ಮದ್ದುಗಳನ್ನು ಅಗತ್ಯ ಮಾದಕ ಔಷಧಿಗಳೆಂದು ಗುರುತಿಸಿ, ಅಬಕಾರಿ ಇಲಾಖೆಯ ಹಲವು ಪರವಾನಗಿಗಳ ಬದಲು ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಸಾಕು ಎಂದು ದಾರಿ ಸರಳ ಮಾಡಲಾಯಿತು. ಆ ಮಾನ್ಯತೆಗೆ ಬೇಕಾದವರು ನೋವು ನಿವಾರಣೆ ಮತ್ತು ಉಪಶಾಮಕ ಆರೈಕೆಯಲ್ಲಿ ತರಬೇತಿ ಪಡೆದ ವೈದ್ಯರು. ಗಂಟು ಇರುವುದು ಇಲ್ಲೇ. ತರಬೇತಿ ಪಡೆದ ವೈದ್ಯರಿಲ್ಲದೆ ಆಸ್ಪತ್ರೆಗೆ ಮಾರ್ಫಿನ್ ಇಲ್ಲ. ಮಾರ್ಫಿನ್ ಇಲ್ಲದ ಆಸ್ಪತ್ರೆಗೆ ನೋವಿನ ರೋಗಿಗಳು ಬರುವುದಿಲ್ಲ. ರೋಗಿಗಳು ಬರದಿದ್ದರೆ, ‘ನಿಮ್ಮಲ್ಲಿ ಬೇಡಿಕೆ ಎಲ್ಲಿದೆ’ ಎಂಬ ಪ್ರಶ್ನೆ ಏಳುತ್ತದೆ. ಒಬ್ಬ ವೈದ್ಯರನ್ನು ಕಳಿಸಿ ಕಲಿಸಿದರೆ ಈ ಗಂಟು ಒಂದು ತುದಿಯಿಂದ ಬಿಚ್ಚಿಕೊಳ್ಳುತ್ತದೆ.

ಬೇಡಿಕೆ ಎಲ್ಲಿದೆ ಎಂದು ಕೇಳುವವರು ಇಂಡಿ ರೋಡ್ ನಿಲ್ದಾಣಕ್ಕೆ ಬರಬೇಕು. ನನಗೆ ಗೊತ್ತಿರುವ ಒಬ್ಬ ತಾಯಿ ಹದಿನೈದು ದಿನಕ್ಕೊಮ್ಮೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದರು. ಗಂಡನಿಗೆ ಗುದನಾಳದ ಕ್ಯಾನ್ಸರ್, ಬೆನ್ನುಮೂಳೆಗೆ ಹರಡಿತ್ತು. ರಾತ್ರಿಯಿಡೀ ಜನರಲ್ ಬೋಗಿಯಲ್ಲಿ ಕುಳಿತು, ಬೆಳಿಗ್ಗೆ ಇಳಿದು, ಆಸ್ಪತ್ರೆಯ ಸರದಿಯಲ್ಲಿ ನಿಂತು, ಮಾರ್ಫಿನ್ ಮಾತ್ರೆಗಳ ಪಟ್ಟಿಗಳನ್ನು ಕುಪ್ಪಸದೊಳಗೆ ಇಟ್ಟುಕೊಂಡು ಸಂಜೆ ಮತ್ತೆ ರೈಲು ಹತ್ತುತ್ತಿದ್ದರು. ಹೋಗಿ ಬರುವ ಎರಡು ರಾತ್ರಿ ಗಂಡನಿಗೆ ಮದ್ದು ಕೊಡುವವನು ಹತ್ತು ವರ್ಷದ ಹುಡುಗ. ನಾಲ್ಕು ಗಂಟೆಗೊಮ್ಮೆ ಕೊಡಬೇಕಾದ ಮದ್ದು ಅದು. ಆ ಹುಡುಗ ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡು ಏಳುತ್ತಿದ್ದ. ಮಾರ್ಫಿನ್ ಕೊಟ್ಟರೆ ಮಲಬದ್ಧತೆ ತಪ್ಪದು, ಜೊತೆಗೆ ಮಲ ಸಡಿಲಿಸುವ ಗುಳಿಗೆ ಕೊಡಲೇಬೇಕು ಎಂಬುದು ನಾನು ಕಲಿತ ಮೊದಲ ಪಾಠಗಳಲ್ಲಿ ಒಂದು. ಅದು ಆ ಹುಡುಗನಿಗೆ ನನಗಿಂತ ಮೊದಲೇ ಗೊತ್ತಿತ್ತು.

ನೋವಿಗಾಗಿ ಸರಿಯಾದ ಪ್ರಮಾಣದಲ್ಲಿ, ಸರಿಯಾದ ನಿಗಾದಲ್ಲಿ ಕೊಟ್ಟ ಮಾರ್ಫಿನ್ ರೋಗಿಯನ್ನು ವ್ಯಸನಿಯನ್ನಾಗಿ ಮಾಡುವುದು ಅಪರೂಪ. ಹಾಗೆ ಕೊಟ್ಟರೆ ಅದು ಉಸಿರಾಟ ನಿಲ್ಲಿಸುವುದೂ ಅಪರೂಪ. ಕೊನೆಗಾಲದ ಏದುಸಿರಿಗೆ ಸಣ್ಣ ಪ್ರಮಾಣದ ಮಾರ್ಫಿನ್ನೇ ಸಮಾಧಾನ ಕೊಡುತ್ತದೆ. ಇದನ್ನು ನಾನು ಹೇಳಿದರೆ ನನ್ನ ಸಹೋದ್ಯೋಗಿಗಳೇ ನಂಬಲು ಹಿಂಜರಿಯುತ್ತಾರೆ. ಅವರನ್ನು ದೂರುವುದಿಲ್ಲ, ಎರಡು ವರ್ಷದ ಹಿಂದೆ ನಾನೂ ನಂಬುತ್ತಿರಲಿಲ್ಲ.

ಸರ್ಕಾರಗಳು ಮಾತು ಕೊಡದೆ ಇಲ್ಲ. ಕೇಂದ್ರದ ರಾಷ್ಟ್ರೀಯ ಉಪಶಾಮಕ ಆರೈಕೆ ಕಾರ್ಯಕ್ರಮ 2012ರಷ್ಟು ಹಳೆಯದು. ನಮ್ಮ ರಾಜ್ಯವೇ 2016ರಲ್ಲಿ ತನ್ನ ನೀತಿಯನ್ನು ರೂಪಿಸಿತು. ಆಯುಷ್ಮಾನ್ ಭಾರತದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳು (2023ರಿಂದ ಆಯುಷ್ಮಾನ್ ಆರೋಗ್ಯ ಮಂದಿರಗಳು) ಕೊಡಬೇಕಾದ ಹನ್ನೆರಡು ಸೇವೆಗಳ ಪಟ್ಟಿಯಲ್ಲಿ ಇದೂ ಸೇರಿದೆ. ಗೋಡೆಯ ಮೇಲೆ ಬರೆದ ಆ ಪಟ್ಟಿಯನ್ನು ಓದಿ ಒಬ್ಬರು ಒಳಗೆ ಬಂದು ಕೇಳಿದರೆ ಕೊಡಬೇಕಾದವರು ನಾವು.

2025ರ ಜನವರಿಯಲ್ಲಿ ತಮ್ಮ ಇಲಾಖೆ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಚೇತರಿಕೆಯ ಆಸೆಯಿಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ಎರಡು ಹಂತದ ವೈದ್ಯಕೀಯ ಮಂಡಳಿಗಳ ಒಪ್ಪಿಗೆಯಿಂದ ಹಿಂತೆಗೆದುಕೊಳ್ಳಬಹುದು, ಮುಂಚಿತವಾಗಿ ಉಯಿಲು ಬರೆದಿಡಬಹುದು ಎಂಬ ಆದೇಶ. ದಿಟ್ಟ ಹೆಜ್ಜೆ ಅದು, ಮನಃಪೂರ್ವಕ ಅಭಿನಂದಿಸುತ್ತೇನೆ. ಆದರೆ ವೆಂಟಿಲೇಟರ್ ತೆಗೆಯುವ ಪ್ರಶ್ನೆ ಬರುವುದು ವೆಂಟಿಲೇಟರ್ ಹಾಕಿದವರಿಗೆ. ನಮ್ಮ ಹಳ್ಳಿಗಳ ಬಹುಪಾಲು ಜನ ಮನೆಯ ಹಾಸಿಗೆಯಲ್ಲಿ, ಹೊರಸಿನ ಮೇಲೆ, ಯಾವ ಯಂತ್ರವೂ ಇಲ್ಲದೆ ಸಾಯುತ್ತಾರೆ. ಅವರ ಘನತೆಗೆ ಬೇಕಾದದ್ದು ನೋವಿಗೆ ಮದ್ದು, ಹುಣ್ಣಿಗೆ ಪುಡಿ, ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಮನೆಯವರಿಗೆ ತೋರಿಸಿಕೊಡುವ ಒಂದು ಕೈ. ಆ ಆದೇಶದ ಇನ್ನರ್ಧ ಇದು.

ಸಾವಿನ ಬಗ್ಗೆ ಮಾತಾಡಲು ನಮ್ಮ ಜನ ಒಪ್ಪುವುದಿಲ್ಲ ಎಂದು ಬೆಂಗಳೂರಿನ ಸ್ನೇಹಿತರು ಹೇಳುತ್ತಾರೆ. ನಮ್ಮ ಜಿಲ್ಲೆಯ ಮಟ್ಟಿಗೆ ನಾನು ಅದನ್ನು ಒಪ್ಪುವುದಿಲ್ಲ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು ತಮ್ಮ ಅಂತ್ಯದ ಬಗ್ಗೆ 2014ರ ಗುರುಪೂರ್ಣಿಮೆಯಂದೇ ಪತ್ರ ಬರೆದಿಟ್ಟಿದ್ದರು. ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂದು ಸ್ಪಷ್ಟವಾಗಿ ಹೇಳಿದ್ದರು. 2023ರ ಜನವರಿ 2ರಂದು ಅವರು ದೇಹ ಬಿಟ್ಟಾಗ ಲಕ್ಷಾಂತರ ಜನ ಸೇರಿದರು, ಅವರು ಬರೆದಂತೆಯೇ ನಡೆಯಿತು. ಆ ತಿಂಗಳು ನನ್ನ ಹೊರರೋಗಿ ವಿಭಾಗದಲ್ಲಿ ಹಿರಿಯರು ತಾವಾಗಿಯೇ ಮಾತು ತೆಗೆದರು: ‘ನನ್ನದೂ ಹಾಗೇ ಆಗಲಿ. ನಳಿಕೆಗಿಳಿಕೆ ಹಾಕಬೇಡಿರಿ. ಮನೆಯಲ್ಲೇ ಇರುತ್ತೇನೆ.’ ಮಾತಿಗೆ ಜನ ತಯಾರಿದ್ದಾರೆ. ಆ ಮಾತನ್ನು ಕೇಳಿಸಿಕೊಂಡು, ಬರೆದುಕೊಂಡು, ಅದರಂತೆ ನಡೆಸಿಕೊಡುವ ವೈದ್ಯರು ಇಲ್ಲ.

ಹಾಗೆಯೇ ‘ಮಾತನಾಡಿಸಿ ಬರುವ’ ನಮ್ಮ ಪದ್ಧತಿ. ಊರಲ್ಲಿ ಯಾರಾದರೂ ಮಲಗಿದರೆ ಜಾತಿ, ಓಣಿ ಎನ್ನದೆ ಜನ ಹೋಗಿ ಕುಳಿತು ಮಾತನಾಡಿಸಿ ಬರುತ್ತಾರೆ. ಕೇರಳದಲ್ಲಿ 1993ರಲ್ಲಿ ಕೋಯಿಕ್ಕೋಡ್‌ನ ಕೆಲವು ವೈದ್ಯರು ಮತ್ತು ಸ್ವಯಂಸೇವಕರು ಆರಂಭಿಸಿದ ಕೆಲಸ ಬೆಳೆದು, 2008ರಲ್ಲಿ ಆ ರಾಜ್ಯ ದೇಶದಲ್ಲೇ ಮೊದಲ ಉಪಶಾಮಕ ಆರೈಕೆ ನೀತಿ ತಂದಿತು. ಇಂದು ಅಲ್ಲಿ ಪಂಚಾಯಿತಿಗಳೇ ಮನೆಭೇಟಿಯ ನರ್ಸ್‌ಗಳನ್ನು ಕಳಿಸುತ್ತವೆ. ಅವರ ಬಲ ಎಂದರೆ ನೆರೆಹೊರೆಯವರು. ಆ ಬಲ ನಮ್ಮಲ್ಲಿ ಕಡಿಮೆಯಿಲ್ಲ. ಮಾತನಾಡಿಸಲು ಬಂದ ನಾಲ್ಕು ಜನರಲ್ಲಿ ಇಬ್ಬರಿಗೆ ಮಗ್ಗುಲು ಬದಲಿಸುವುದನ್ನು, ಬಾಯಿ ಒರೆಸುವುದನ್ನು, ರಾತ್ರಿ ಒಬ್ಬರಾದರೂ ಜೊತೆಗಿದ್ದು ಹೆಂಡತಿಗೆ ನಿದ್ದೆ ಮಾಡಲು ಬಿಡುವುದನ್ನು ಕಲಿಸಿದರೆ ಅರ್ಧ ಭಾರ ಇಳಿಯುತ್ತದೆ. ಕಲಿಸಲು ಮೊದಲು ನಾವು ಕಲಿತಿರಬೇಕು.

ಈ ವಿದ್ಯೆ ಸಾಯುವವರಿಗೆ ಮಾತ್ರ ಎಂದು ಯಾರೂ ತಿಳಿಯಬಾರದು. ಲಕ್ವಾ ಹೊಡೆದು ಮಲಗಿದವರು, ಮೂತ್ರಪಿಂಡ ಸೋತವರು, ಹುಟ್ಟಿನಿಂದಲೇ ಕಾಯಿಲೆ ಹೊತ್ತ ಮಕ್ಕಳು ಎಲ್ಲರಿಗೂ ಇದು ಬೇಕು, ಮತ್ತು ರೋಗ ಗೊತ್ತಾದ ದಿನದಿಂದಲೇ ಬೇಕು. 2010ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಪ್ರಕಟವಾದ ಅಧ್ಯಯನದಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರಲ್ಲಿ ಆರಂಭದಿಂದಲೇ ಉಪಶಾಮಕ ಆರೈಕೆ ಪಡೆದವರು ನೆಮ್ಮದಿಯಾಗಿದ್ದುದಷ್ಟೇ ಅಲ್ಲ, ಹೆಚ್ಚು ದಿನವೂ ಬದುಕಿದರು: 8.9 ತಿಂಗಳ ಬದಲು 11.6 ತಿಂಗಳು. ಜಗತ್ತಿನಲ್ಲಿ ಈ ಆರೈಕೆ ಬೇಕಾದವರಲ್ಲಿ ನೂರಕ್ಕೆ ಸುಮಾರು 14 ಜನರಿಗೆ ಮಾತ್ರ ಅದು ಸಿಗುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದ 86 ಜನ ಎಲ್ಲಿರುತ್ತಾರೆ ಎಂದು ನನಗೆ ಗೊತ್ತು. ಅವರಲ್ಲಿ ಒಬ್ಬರು ಕೊಟ್ಟಿಗೆಯಲ್ಲಿದ್ದರು.

ನನ್ನ ಬೇಡಿಕೆಗಳನ್ನು ಬಿಡಿಸಿ ಹೇಳುತ್ತೇನೆ. ಸೇವಾನಿರತ ವೈದ್ಯರನ್ನು ಸ್ನಾತಕೋತ್ತರ ವ್ಯಾಸಂಗಕ್ಕೆ ನಿಯೋಜಿಸುವ ಪದ್ಧತಿ ಇಲಾಖೆಯಲ್ಲಿದೆ. ಅದೇ ಬಾಗಿಲನ್ನು ಉಪಶಾಮಕ ವೈದ್ಯಕೀಯದ ಫೆಲೋಶಿಪ್‌ಗೂ ತೆರೆಯಿರಿ. ಕಲಿಕೆಯ ಅವಧಿಯನ್ನು ಕರ್ತವ್ಯವೆಂದು ಪರಿಗಣಿಸಿ. ಶುಲ್ಕವನ್ನು ಇಲಾಖೆ ಭರಿಸಲಿ, ಬದಲಿಗೆ ಕಲಿತು ಬಂದವರು ಅದೇ ತಾಲ್ಲೂಕಿನಲ್ಲಿ ಐದು ವರ್ಷ ಕೆಲಸ ಮಾಡುವ ಮುಚ್ಚಳಿಕೆ ಬರೆದುಕೊಡಲಿ. ನಾನು ಇಂದೇ ಬರೆದುಕೊಡುತ್ತೇನೆ. ಆರಂಭಕ್ಕೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ಮೂರು ಜಿಲ್ಲೆಗಳ ತಾಲ್ಲೂಕು ಆಸ್ಪತ್ರೆಗಳಿಂದ ಒಬ್ಬೊಬ್ಬರನ್ನು ಆರಿಸಿ, ಜೊತೆಗೆ ಒಬ್ಬೊಬ್ಬ ಶುಶ್ರೂಷಾಧಿಕಾರಿಯನ್ನೂ ಕಳಿಸಿರಿ, ಏಕೆಂದರೆ ಈ ಕೆಲಸದ ಬಹುಭಾಗ ನಡೆಯುವುದು ಅವರ ಕೈಯಲ್ಲಿ. ಅವರು ಮರಳುವ ಹೊತ್ತಿಗೆ ಆ ಆಸ್ಪತ್ರೆಗೆ ಮಾರ್ಫಿನ್ ಇಡುವ ಮಾನ್ಯತೆ, ವಾರಕ್ಕೆ ಎರಡು ದಿನ ಮನೆಭೇಟಿಗೆ ಒಂದು ವಾಹನ, ಆಶಾ ಕಾರ್ಯಕರ್ತೆಯರಿಗೆ ಕನ್ನಡದಲ್ಲಿ ಬರೆದ ಒಂದು ಕೈಪಿಡಿ ತಯಾರಿರಲಿ. ಆ ಕೈಪಿಡಿಯಲ್ಲಿ ಚಳಕು, ಉರಿ, ಮುರಿತಗಳ ವ್ಯತ್ಯಾಸ ನಮ್ಮ ಜನರ ಮಾತಿನಲ್ಲೇ ಇರಬೇಕು. ಅದನ್ನು ಬರೆಯುವ ಕೆಲಸಕ್ಕೆ ಕರೆದರೆ ಬರುತ್ತೇನೆ.

ಇರುವ ವೈದ್ಯರೇ ಸಾಲದು, ಇನ್ನೊಬ್ಬರನ್ನು ಒಂದು ವರ್ಷ ಕಳಿಸಿದರೆ ಹೆರಿಗೆ ಯಾರು ನೋಡುತ್ತಾರೆ, ತುರ್ತು ಯಾರು ನೋಡುತ್ತಾರೆ ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆ. ರಾತ್ರಿ ಪಾಳಿಯಲ್ಲಿ ಒಬ್ಬಳೇ ನಿಂತವಳು ನಾನು, ಅದರ ತೂಕ ನನಗೆ ಗೊತ್ತು. ಆದರೆ ವರ್ಷವಿಡೀ ಊರು ಬಿಟ್ಟಿರಬೇಕಾಗಿಲ್ಲ. ನಾನು ಅರ್ಜಿ ಹಾಕುತ್ತಿರುವ ತರಬೇತಿಯಲ್ಲಿ ಕೆಲಸದಲ್ಲಿದ್ದುಕೊಂಡೇ ಓದಬಹುದು, ನಡುನಡುವೆ ಕೆಲವು ವಾರಗಳು ಅಲ್ಲಿಗೆ ಹೋಗಿ ಇರಬೇಕು. ಆ ಕೆಲವು ವಾರಗಳಿಗೆ ಬದಲಿ ವೈದ್ಯರನ್ನು ಕೊಟ್ಟರೆ ಸಾಕು. ಅಲ್ಲದೆ, ನೋವು ತಡೆಯಲಾರದೆ ರಾತ್ರಿ ಎರಡಕ್ಕೆ ಆಂಬುಲೆನ್ಸ್‌ನಲ್ಲಿ ಬರುವ ಕ್ಯಾನ್ಸರ್ ರೋಗಿಗಳನ್ನು ನಾವು ಈಗಲೂ ನೋಡುತ್ತಲೇ ಇದ್ದೇವೆ, ಒಂದು ಚುಚ್ಚುಮದ್ದು ಹಾಕಿ ಬೇರೆ ಊರಿಗೆ ಬರೆದುಕೊಡುತ್ತಿದ್ದೇವೆ. ಮನೆಯಲ್ಲೇ ನೋವು ಹತೋಟಿಗೆ ಬಂದರೆ ಅವರು ಆ ಹೊತ್ತಿನಲ್ಲಿ ಅಲೆಯಬೇಕಾಗಿಲ್ಲ, ಹೊಲ ಮಾರಿ ವಾಹನದ ಬಾಡಿಗೆ ಕೊಡಬೇಕಾಗಿಲ್ಲ.

ಮುನ್ನೂರು ಪದಗಳ ಜಾಗದಲ್ಲಿ ನಾನು ಬರೆಯಬೇಕೆಂದಿರುವುದು ಒಂದೇ ಸಾಲು: ನನ್ನ ಕಪಾಟಿನಲ್ಲಿ ಇದ್ದ ಮದ್ದನ್ನು ಒಬ್ಬರಿಗೆ ಕೊಡಲು ನನಗೆ ಗೊತ್ತಿರಲಿಲ್ಲ, ಇನ್ನೊಬ್ಬರಿಗೆ ಹಾಗಾಗಬಾರದು. ನಿರಾಕ್ಷೇಪಣಾ ಪತ್ರವನ್ನು ತಾವು ಕೊಡುತ್ತೀರಿ ಎಂದು ನಂಬಿದ್ದೇನೆ. ನನಗೆ ಕೊಡುವಾಗ ಉಳಿದ ತಾಲ್ಲೂಕುಗಳ ವೈದ್ಯರಿಗೂ ಅನ್ವಯಿಸುವಂತೆ ಆದೇಶವಾಗಿಯೇ ಹೊರಡಿಸಿರಿ.

ಪ್ರತಿ ಬುಧವಾರ ಮಧ್ಯಾಹ್ನ ಹೊರರೋಗಿಗಳು ಮುಗಿದ ಮೇಲೆ ಆಶಾ ಕಾರ್ಯಕರ್ತೆಯ ಜೊತೆ ನಾನು ಮೂರು ನಾಲ್ಕು ಮನೆಗಳಿಗೆ ಹೋಗುತ್ತೇನೆ. ಸದ್ಯ ಪಟ್ಟಿಯಲ್ಲಿ ಏಳು ಜನರಿದ್ದಾರೆ. ಆದೇಶ ಬರೆಯುವ ಮೊದಲು ಇಲಾಖೆಯಿಂದ ಯಾರಾದರೂ ಒಂದು ದಿನ ಬರುವುದಾದರೆ ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಮೊದಲ ಮನೆ ಆಣೆ ಲೆಕ್ಕ ಹೇಳುವ ಆ ಅಜ್ಜಿಯದು. ಅವರು ಚಹಾ ಕುಡಿಸದೆ ಕಳಿಸುವುದಿಲ್ಲ, ಸ್ವಲ್ಪ ಸಮಯ ಇಟ್ಟುಕೊಂಡು ಬರಬೇಕು.

ತಮ್ಮ ವಿಶ್ವಾಸಿ,
ಇಂಡಿ ತಾಲ್ಲೂಕಿನ ಒಬ್ಬ ಸರ್ಕಾರಿ ವೈದ್ಯೆ